ತೃಪ್ತರಾದ ಸದಸ್ಯರಿಗೆ, ಸಂಜೆ ಬಸ್ಸಿಲ್ಲದ ಊರಿನಿಂದ

ಮಾನ್ಯ ಸಭಾಪತಿಗಳೇ, ಆಡಳಿತ ಪಕ್ಷದ ಹಿರಿಯರೇ, ವಿರೋಧ ಪಕ್ಷದ ಗುರುಗಳೇ, ಮಾತು ಮುಗಿಯುವ ಮೊದಲೇ ಮೇಜು ಕುಟ್ಟುವ ಮಹನೀಯರೇ, ಮಾತು ಮುಗಿದ ಮೇಲೂ ಕಣ್ಣು ಬಿಡದ ಮಾನನೀಯರೇ, ಗ್ಯಾಲರಿಯಲ್ಲಿ ಕುಳಿತು ಆಕಳಿಸುತ್ತಿರುವ ಶಾಲಾ ಮಕ್ಕಳೇ, ಎಲ್ಲರೂ ಸ್ವಲ್ಪ ಹೊತ್ತು ಶಾಂತರಾಗಿ. ನಿಮ್ಮ ನಡುವೆ ನಿಂತು ಮಾತಾಡುವ ಹಕ್ಕು ನನಗಿಲ್ಲ. ನಾನು ನಿಂತಿರುವುದು ತಾವರಗೇರಾ ಬಸ್ ನಿಲ್ದಾಣದ ಎದುರು, ಉಮರಸಾಬನ ಚಹಾದಂಗಡಿಯ ಬೆಂಚಿನ ಪಕ್ಕ. ಸದನವನ್ನು ಇಲ್ಲಿಂದಲೇ ಕಲ್ಪಿಸಿಕೊಂಡು ಮಾತಾಡುತ್ತಿದ್ದೇನೆ. ಸದನದ ಒಳಗಿರುವವರು ನಮ್ಮನ್ನು ಕಲ್ಪಿಸಿಕೊಳ್ಳುವಷ್ಟೂ ಕಷ್ಟ ತೆಗೆದುಕೊಳ್ಳದ ಮೇಲೆ ಯಾರಾದರೊಬ್ಬರು ಆ ಕೆಲಸ ಮಾಡಬೇಕಲ್ಲ.

ಮೇಲ್ಮನೆಯ ನೂತನ ಸದಸ್ಯರೇ, ಈಗ ನಿಮ್ಮ ಕಡೆಗೆ ತಿರುಗುತ್ತೇನೆ. ದೂರು ಒಂದೇ. ತಾವರಗೇರಾದಿಂದ ನಮ್ಮೂರಿಗೆ ಬರುತ್ತಿದ್ದ ಸಂಜೆಯ ಬಸ್ಸು ನಿಂತುಹೋಗಿದೆ, ಅದನ್ನು ಸದನದಲ್ಲಿ ಕೇಳಿ ಎಂದು ನಿಮ್ಮನ್ನು ಕಳಿಸಿದೆವು. ನೀವು ಎದ್ದು ನಿಂತು, ಮೈಕು ಸರಿಮಾಡಿಕೊಂಡು, "ಉತ್ತರದಿಂದ ನನಗೆ ತೃಪ್ತಿಯಾಗಿದೆ" ಎಂದು ಕುಳಿತಿರಿ. ನಿಮಗೆ ತೃಪ್ತಿ ಬಂತು, ನಮಗೆ ಬಸ್ಸು ಬರಲಿಲ್ಲ. ಇದರಲ್ಲಿ ನನ್ನ ಸ್ವಂತದ್ದೇನೂ ಇಲ್ಲವೆಂದು ಮೊದಲೇ ಸ್ಪಷ್ಟಪಡಿಸುತ್ತೇನೆ. ಒಬ್ಬ ಪದವೀಧರ ಮತದಾರನಾಗಿ, ಶುದ್ಧ ಸಾರ್ವಜನಿಕ ಹಿತಾಸಕ್ತಿಯಿಂದ ಬರೆಯುತ್ತಿದ್ದೇನೆ.

ಪದವೀಧರ ಎಂದೆನಲ್ಲ, ಆ ಪದವಿಯ ಕಥೆಯನ್ನೂ ಕೇಳಿ. ಕನ್ನಡ ಮಾಧ್ಯಮದ ಬಿ.ಎ. ಪಾಸಾಗಿ ಇಪ್ಪತ್ತು ವರ್ಷದ ಮೇಲಾಯಿತು. ಅಂದಿನಿಂದ ಆ ಪ್ರಮಾಣಪತ್ರ ಟ್ರಂಕಿನ ತಳದಲ್ಲಿ, ಹಳೆಯ ಜಮಖಾನೆಯ ಕೆಳಗೆ ತಣ್ಣಗೆ ಮಲಗಿತ್ತು. ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುವವನಿಗೆ ಯಾರೂ ಮಾರ್ಕ್ಸ್‌ಕಾರ್ಡು ಕೇಳುವುದಿಲ್ಲ. ನಿಮ್ಮ ಪದವೀಧರ ಕ್ಷೇತ್ರದ ಚುನಾವಣೆ ಬಂದಾಗಲೇ ಅದನ್ನು ಎಬ್ಬಿಸಿ, ಧೂಳು ಝಾಡಿಸಿ, ಜೆರಾಕ್ಸ್ ಮಾಡಿಸಿ, ಮತದಾರರ ಪಟ್ಟಿಗೆ ಹೆಸರು ಸೇರಿಸಿದೆ. ಮತಗಟ್ಟೆಯವರು ಕೊಟ್ಟ ನೇರಳೆ ಪೆನ್ನಿನಿಂದ ನಿಮ್ಮ ಹೆಸರಿನ ಮುಂದೆ "1" ಎಂದು ದುಂಡಗೆ ಬರೆದೆ. ನನ್ನ ಪದವಿಯಿಂದ ಈ ಲೋಕಕ್ಕೆ ಸಂದ ಏಕಮಾತ್ರ ಸೇವೆ ನೀವು. ಪದವಿಗೂ ನಾಚಿಕೆ ಎನ್ನುವುದು ಇದ್ದರೆ ಅದೀಗ ಮತ್ತೆ ಟ್ರಂಕಿನೊಳಗೆ ಹೋಗಿ ಜಮಖಾನೆ ಹೊದ್ದುಕೊಂಡಿರಬೇಕು.

ಸದನದಲ್ಲಿ ನಿಮ್ಮ ಆರಂಭಿಕ ಕೊಡುಗೆಗಳನ್ನು ನಾವು ಶ್ರದ್ಧೆಯಿಂದ ನೋಡಿದ್ದೇವೆ. ಉಮರಸಾಬ ತನ್ನ ಮೊಬೈಲನ್ನು ಸಕ್ಕರೆ ಡಬ್ಬಿಗೆ ಆನಿಸಿ ಇಡುತ್ತಿದ್ದ, ನಾವು ಸುತ್ತ ಕೂರುತ್ತಿದ್ದೆವು. ನಿಮ್ಮ ಚೊಚ್ಚಲ ಭಾಷಣದಲ್ಲಿ ಗುರುಗಳಿಗೆ ವಂದಿಸಿದಿರಿ, ಹಿರಿಯರಿಗೆ ವಂದಿಸಿದಿರಿ, ಮತದಾರರಿಗೆ, ಮಾಧ್ಯಮದವರಿಗೆ, ಕೊನೆಗೆ ಕುಳಿತ ಪೀಠಕ್ಕೂ ವಂದಿಸಿದಿರಿ. ವಂದನೆ ಮುಗಿಯಿತು, ವೇಳೆಯೂ ಮುಗಿಯಿತು. ಹೊಸಬರ ಮೊದಲ ಭಾಷಣಕ್ಕೆ ಯಾರೂ ಅಡ್ಡ ಬರಬಾರದೆಂಬ ಸಂಪ್ರದಾಯ ಅಲ್ಲಿ ಇದೆಯಂತೆ. ಅಡ್ಡ ಬರಬೇಕೆಂದರೆ ಎದುರಿಗೆ ಏನಾದರೂ ಚಲಿಸುತ್ತಿರಬೇಕಲ್ಲವೇ?

ಆಮೇಲೆ ಬೆಳಗಾವಿ ಅಧಿವೇಶನದಲ್ಲಿ ನಮ್ಮ ಭಾಗದ ಹಿಂದುಳಿದಿರುವಿಕೆಯ ಮೇಲಿನ ಚರ್ಚೆ. ಈಗ ನೋಡಿ, ಈಗ ಹೇಳ್ತಾರೆ ಎಂದು ನಾವು ಬೆಂಚಿನ ತುದಿಗೆ ಸರಿದು ಕೂತೆವು. ನೀವು ಬೆಳಗಾವಿಯ ಕುಂದಾದ ರುಚಿಯನ್ನು ಹೊಗಳಿದಿರಿ. ಊಟದ ವ್ಯವಸ್ಥೆ ಮಾಡಿದವರನ್ನು ಅಭಿನಂದಿಸಿದಿರಿ. ಹಿಂದುಳಿದಿರುವಿಕೆ ಎಲ್ಲಿತ್ತೋ ಅಲ್ಲೇ ಉಳಿಯಿತು. ನಾನು ಪ್ರಾಸಪ್ರಿಯ, ಸುಮ್ಮನಿರಲಾಗದೆ ಅಲ್ಲೇ ಒಂದು ಕಟ್ಟಿದೆ:

ಕಾಯ್ದು ಕಾಯ್ದು ಕಾಲು ಸೋತವು ಕ್ರಾಸಿನ್ಯಾಗ,
ಕೂತು ಕೂತು ಕುರ್ಚಿ ಬೆಚ್ಚಗಾತು ಹೌಸಿನ್ಯಾಗ.

ಉಮರಸಾಬ ನಕ್ಕು ಅರ್ಧ ಕಪ್ಪು ಚಹಾ ಬಿಟ್ಟಿ ಕೊಟ್ಟ. ನಿಮ್ಮಿಂದ ನಮ್ಮೂರಿಗೆ ಇದುವರೆಗೆ ಆದ ಲಾಭ ಆ ಅರ್ಧ ಕಪ್ಪು.

ಇನ್ನು ಬಸ್ಸಿನ ಪ್ರಶ್ನೆ. ನಾವೇ ಬರೆದು ನಿಮ್ಮ ಕೈಗೆ ಕೊಟ್ಟದ್ದು. ಅದೃಷ್ಟಕ್ಕೆ ಚೀಟಿ ಎತ್ತಿದಾಗ ಅದು ಚುಕ್ಕೆ ಗುರುತಿನ ಪ್ರಶ್ನೆಯಾಗಿ ಆಯ್ಕೆಯಾಯಿತು, ಅಂದರೆ ಸದನದಲ್ಲಿ ನಿಂತೇ ಕೇಳುವ ಅವಕಾಶ. ಮಂತ್ರಿಗಳು ಬರಹದಲ್ಲಿ ಉತ್ತರ ಒದಗಿಸಿದರು: "ಸದರಿ ಗ್ರಾಮಕ್ಕೆ ಸಾರಿಗೆ ಸೌಲಭ್ಯ ಕಲ್ಪಿಸಲಾಗಿದ್ದು, ಕೊರತೆ ಕಂಡುಬಂದಿರುವುದಿಲ್ಲ." ಬೆಳಿಗ್ಗೆ ಒಂದು ಬಸ್ಸು ಇದೆ, ಮಧ್ಯಾಹ್ನ ಮೂರಕ್ಕೆ ಇನ್ನೊಂದು. ಹಾಗಾಗಿ ಕೊರತೆ ಕಂಡುಬಂದಿರುವುದಿಲ್ಲ. ಕಂಡುಬರಬೇಕಾದರೆ ಸಂಜೆ ಆರಕ್ಕೆ ಇಲ್ಲಿಗೆ ಬಂದು ನಿಲ್ಲಬೇಕು. ಇಂಥ ಉತ್ತರ ಬರುತ್ತದೆಂದು ನಮಗೆ ಗೊತ್ತೇ ಇತ್ತು. ಅದಕ್ಕೇ ಉಪಪ್ರಶ್ನೆಯನ್ನೂ ನಿಮಗೆ ಬಾಯಿಪಾಠ ಮಾಡಿಸಿದ್ದೆವು: "ಸಂಜೆ ಬಸ್ಸು ಎಲ್ಲಿ?" ಇಷ್ಟೇ. ಒಂದನೇ ಈಯತ್ತೆಯ ಹುಡುಗನಿಗೂ ನೆನಪಿರುವಷ್ಟು.

ಆ ದಿನ ಉಮರಸಾಬ ಸ್ಟೋವಿನ ಸದ್ದು ಬೇಡವೆಂದು ಸ್ಟೋವನ್ನೇ ಆರಿಸಿದ. ನಿಲ್ದಾಣದ ಬಾಗಿಲಲ್ಲಿ ಮಿರ್ಚಿ-ಮಂಡಕ್ಕಿ ಮಾರುವ ಶಾಂತಕ್ಕ ಬುಟ್ಟಿ ಸಮೇತ ಬಂದು ನಿಂತಳು.

"ಎದ್ರು ನೋಡ್ರಿ, ಎದ್ರು" ಎಂದ ಉಮರಸಾಬ.

ನೀವು ತೃಪ್ತರಾದಿರಿ. ಸಭಾಪತಿಗಳು ಮುಂದಿನ ಪ್ರಶ್ನೆಯ ಸಂಖ್ಯೆ ಕರೆದರು. ಯಾವುದೋ ಊರಿನ ಕೆರೆಯ ಹೂಳು ಶುರುವಾಯಿತು.

"ಹಂಗಂದ್ರ ಬಸ್ಸು ಬಿಟ್ರೇನ್ರಿ?" ಉಮರಸಾಬ ನನ್ನ ಮುಖ ನೋಡಿದ.

"ಬಸ್ಸು ಬಿಡಲಿಲ್ಲೋ ಎಪ್ಪಾ, ನಮ್ಮನ್ನ ಬಿಟ್ರು" ಎಂದು ಶಾಂತಕ್ಕ ಬುಟ್ಟಿ ಎತ್ತಿಕೊಂಡು ಹೋದಳು.

ನಾವು ಮತ್ತೆ ಅರ್ಜಿ ಹಿಡಿದು ಬಸ್ಸಿನ ಕಚೇರಿಗೆ ಹೋದೆವು. ಅಲ್ಲಿಯ ಸಾಹೇಬರು ಅರ್ಜಿ ಮುಟ್ಟಲಿಲ್ಲ. "ನಿಮ್ಮ ಸದಸ್ಯರೇ ತೃಪ್ತಿ ಆಗೇತಿ ಅಂದಾರಲ್ರಿ, ಇನ್ನ ನಿಮ್ದೇನ್ರಿ ಮತ್ತ?" ಎಂದರು. ನೀವು ಸುಮ್ಮನೆ ಗೈರುಹಾಜರಾಗಿದ್ದರೆ ನಮ್ಮ ಅರ್ಜಿ ಇನ್ನೂ ಅರ್ಜಿಯಾಗಿಯೇ ಇರುತ್ತಿತ್ತು. ನೀವು ಹಾಜರಾಗಿ, ನಿಂತು, ಬಾಯಿ ತೆರೆದು, ಅದನ್ನು ಇತ್ಯರ್ಥ ಮಾಡಿಬಿಟ್ಟಿರಿ. ಇಷ್ಟು ದಕ್ಷತೆಯಿಂದ ನಮ್ಮನ್ನು ಸೋಲಿಸಲು ನಿಮ್ಮ ಎದುರಾಳಿಗೂ ಆಗುತ್ತಿರಲಿಲ್ಲ.

ಸಂಜೆ ಬಸ್ಸು ಎಂದರೆ ಯಾರಿಗೆ, ಏನು ಎಂದು ನೀವು ಕೇಳಬಹುದು. ನಮ್ಮೂರಲ್ಲಿ ದೀಪಿಕಾ ಎಂಬ ಹುಡುಗಿಯಿದ್ದಾಳೆ. ಕುಷ್ಟಗಿಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಕಾಲೇಜು ಬಿಟ್ಟು, ಬಸ್ಸು ಹಿಡಿದು ತಾವರಗೇರಾಕ್ಕೆ ಬರುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಅಲ್ಲಿಂದ ನಮ್ಮೂರು ಒಂಬತ್ತು ಕಿಲೋಮೀಟರು, ನಡುವೆ ಕಲ್ಲಿನ ಕ್ವಾರಿ, ಒಂದು ದೀಪವಿಲ್ಲ. ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ ಎಂಬ ಸಂತೋಷ ಅವಳಿಗೂ ಇದೆ. ಟಿಕೆಟ್ಟೂ ಇಲ್ಲ, ಬಸ್ಸೂ ಇಲ್ಲ, ಸಮಾನತೆ ಸಂಪೂರ್ಣವಾಗಿದೆ.

ಬಸ್ಸು ನಿಂತ ಮೇಲೆ ಅವಳು ಶಾಂತಕ್ಕನ ಪಕ್ಕದ ಬೆಂಚಿನಲ್ಲಿ ಕೂತು ಕಾಯುತ್ತಿದ್ದಳು. ಊರ ಕಡೆ ಹೋಗುವ ಗೂಡ್ಸ್ ಗಾಡಿಯೋ, ಪರಿಚಯದ ಬೈಕೋ ಸಿಕ್ಕರೆ ಶಾಂತಕ್ಕನೇ ಗಾಡಿಯವನ ಹೆಸರು, ಅಪ್ಪನ ಹೆಸರು ಕೇಳಿ, ಮುಖ ನೋಡಿ, ಆಮೇಲೆ ಹತ್ತಿಸುತ್ತಿದ್ದಳು. ಒಂದು ಸಂಜೆ ಹತ್ತಿದ ಗಾಡಿಯ ಚಾಲಕ ಕ್ವಾರಿ ಹತ್ತಿರ ಗಾಡಿ ನಿಲ್ಲಿಸಿ, "ಇಳಿಯವಾ, ಎಂಜಿನ್ ಕಾದೇತಿ, ಗಾಳಿ ಕುಡಿ" ಎಂದನಂತೆ. ಹುಡುಗಿ ಇಳಿದವಳೇ ತಿರುಗಿ ನೋಡದೆ ಊರ ಕಡೆ ನಡೆದು ಬಂದಳು. ನಿಜವಾಗಿಯೂ ಎಂಜಿನ್ನೇ ಕಾದಿತ್ತೋ ಏನೋ. ಆ ಮಾತನ್ನು ನಿಜವೋ ಸುಳ್ಳೋ ಎಂದು ತೂಗುತ್ತ ಕತ್ತಲಲ್ಲಿ ನಾಲ್ಕು ಕಿಲೋಮೀಟರು ನಡೆದದ್ದೇ ಆ ಸಂಜೆ ಅವಳ ಪಠ್ಯಕ್ರಮ.

ಆದರೂ ಕಾಲೇಜು ಬಿಟ್ಟಿರಲಿಲ್ಲ. "ಪ್ರಶ್ನೆ ಹಾಕ್ಯಾರಂತ, ಬಸ್ ಬರತೈತಿ" ಎನ್ನುತ್ತಿದ್ದಳು. ನಿಮ್ಮ ತೃಪ್ತಿಯ ವಾರ್ತೆ ಬಂದ ವಾರ ಅವಳಪ್ಪ, ಹೆಸರು ಬೇಡ, ಊರಲ್ಲಿ ಮರ್ಯಾದಸ್ಥ, ಊಟಕ್ಕೆ ಕೂತಾಗ ಕೇಳಿದನಂತೆ: "ಏನವಾ, ಕಾಲೇಜು ಬಿಟ್ಟು ಬಿಡ್ತಿಯೇನ?" ಹುಡುಗಿ ತಾಟಿನಿಂದ ಮುಖ ಎತ್ತದೆ, "ಹೂಂ, ಸಾಕು ಬಿಡಪಾ" ಎಂದಳಂತೆ. ಅವನು ಕೈ ತೊಳೆದುಕೊಂಡನಂತೆ. ಊರವರು "ಹುಡುಗಿಗೇ ಬ್ಯಾಡಾಗೇತಿ" ಎಂದು ಮಾತು ಮುಗಿಸಿದರು. ಮರುದಿನದಿಂದ ಶಾಂತಕ್ಕನ ಪಕ್ಕದ ಬೆಂಚು ಖಾಲಿ.

ಇಷ್ಟಾದ ಮೇಲೂ ನಿಮಗೆ ತಾವರಗೇರಾದಲ್ಲಿ ಸನ್ಮಾನ ನಡೆಯಿತು. ಪೇಟ, ಶಾಲು, ನಿಮ್ಮ ಕುತ್ತಿಗೆ ಮುಚ್ಚುವ ಹಾರ. ನಿರೂಪಣೆ ನನ್ನದೇ, ಈ ಭಾಗದಲ್ಲಿ ಮೈಕು ಯಾರ ಕೈಯಲ್ಲಿದ್ದರೂ ಕೊನೆಗೆ ನನ್ನ ಕೈಗೇ ಬರುತ್ತದೆ. "ಸದನದಲ್ಲಿ ಸಿಂಹಗರ್ಜನೆ, ಸಮಸ್ಯೆಗಳ ವಿಸರ್ಜನೆ" ಎಂದು ನಿಮ್ಮನ್ನು ಸ್ವಾಗತಿಸಿದೆ. ಎರಡೂ ಆಗಿರಲಿಲ್ಲ, ಪ್ರಾಸ ಮಾತ್ರ ಆಗಿತ್ತು. ವೇದಿಕೆ ಇಳಿದು ಚಹಾ ಕುಡಿಯುವಾಗ ಉಮರಸಾಬ ನೇರವಾಗಿ ಕೇಳಿದ: "ಸಾಹೇಬ್ರ, ನಿಮಗ ತೃಪ್ತಿ ಆಗಿದ್ದು ಯಾತಕ್ರಿ?"

ನೀವು ಸಿಟ್ಟಾಗಲಿಲ್ಲ, ಅದಕ್ಕೆ ನಿಮ್ಮನ್ನು ಮೆಚ್ಚುತ್ತೇನೆ. ಹಾರ ಸರಿಸಿ ಹೇಳಿದಿರಿ: "ಹಂಗಲ್ಲೋ ತಮ್ಮಾ. ದೊಡ್ಡವರು ಉತ್ತರ ಕೊಟ್ಟಾರ. ಒಮ್ಮೆಲೇ 'ಇದು ಸಾಲಂಗಿಲ್ಲ' ಅಂದ್ರ ಛಲೋ ಕಾಣತೈತೇನು? ಮೊದಲ ಸಲ ಆತ್ರಿ, ಸಾಕ್ರಿ ಅಂದೆ. 'ಇನ್ನೇನರ ಐತೇನ್ರಿ' ಅಂತ ಅವರೇ ಕೇಳ್ತಾರ, ಆವಾಗ ಬಸ್ಸಿನ ಮಾತು ತಗದ್ರಾತು ಅಂತ ಮಾಡಿದ್ದೆ. ಅವರು ಕೇಳಲೇ ಇಲ್ಲ."

"ಎಪ್ಪಾ ದೇವರೇ" ಎಂದಳು ಶಾಂತಕ್ಕ, "ಅದೇನ್ ನಿಮ್ಮ ಬೀಗರ ಮನಿಯೇನ್ರಿ?"

ಮೇಲ್ಮನೆಯ ಸದಸ್ಯರೇ, ಆ ಕ್ಷಣ ನನಗೆ ನಿಮ್ಮ ತಪ್ಪು ಪೂರ್ತಿ ಅರ್ಥವಾಯಿತು. ಬೇರೆ ಸೀಮೆಯವರಿಗೆ ಆಗುವಂಥದ್ದಲ್ಲ ಅದು. ನಮ್ಮ ಕಡೆ ಯಾರ ಮನೆಗಾದರೂ ಊಟಕ್ಕೆ ಹೋದರೆ ಮೊದಲ ಸಲ ರೊಟ್ಟಿ ಬುಟ್ಟಿ ಬಂದಾಗ "ಸಾಕ್ರಿ" ಎನ್ನಬೇಕು. ಹೊಟ್ಟೆ ಅರ್ಧವೂ ತುಂಬಿರುವುದಿಲ್ಲ, ಆದರೂ ಎನ್ನಬೇಕು. ಬಡಿಸುವವರು ಅದನ್ನು ನಂಬಬಾರದು. "ಏನ್ ಉಂಡ್ರಿ ನೀವು, ಒಂದರ್ಧರ ಹಾಕಿಸ್ಕೋರಿ" ಎಂದು ಮತ್ತೆ ಕೇಳಬೇಕು. ಉಣ್ಣುವವರು ತಾಟಿಗೆ ಕೈ ಅಡ್ಡ ಹಿಡಿಯಬೇಕು, ಆ ಕೈ ಸರಿಸಿಯೇ ಸಜ್ಜೆ ರೊಟ್ಟಿ ತಾಟಿಗೆ ಬೀಳಬೇಕು. ಒಮ್ಮೆ ಸಾಕು ಎಂದದ್ದನ್ನೇ ನಿಜವೆಂದು ನಂಬಿ ಬುಟ್ಟಿ ಎತ್ತಿಕೊಂಡು ಹೋದ ಮನೆಯನ್ನು ಸುತ್ತಲಿನ ಊರೆಲ್ಲ ವರ್ಷಗಟ್ಟಲೆ ಆಡಿಕೊಳ್ಳುತ್ತದೆ. ನೀವು ಆ ದೊಡ್ಡ ಕಟ್ಟಡದಲ್ಲಿ ಈ ಮರ್ಯಾದೆಯನ್ನು ನಿರೀಕ್ಷಿಸಿ ಕೈ ಅಡ್ಡ ಹಿಡಿದಿರಿ. ಅವರು ತಾಟನ್ನೇ ಎತ್ತಿಕೊಂಡು ಹೋದರು. ಸ್ವಾಮೀ, ಹಸಿದಿದ್ದವರು ನಾವು. ನಮ್ಮ ಹಸಿವಿನ ಪರವಾಗಿ ಸಂಕೋಚಪಡುವ ಅಧಿಕಾರವನ್ನು ನಿಮಗೆ ಕೊಟ್ಟವರು ಯಾರು? ಮಂತ್ರಿಗಳ ಮಾತು ಬೇಡ, ಅವರು ನಮ್ಮ ಕಡೆಯವರಲ್ಲ. ಆದರೆ ಎರಡನೇ ಸಲ ಕೇಳದವನು ಎಂಥ ಯಜಮಾನ? ಸಾಕು ಎಂದ ಬಾಯಿಯನ್ನು ನೋಡಿ, ಮುಖವನ್ನು ನೋಡದವನು ಎಂಥ ಮನುಷ್ಯ?

ಆದ್ದರಿಂದ ನಮ್ಮ ಬೇಡಿಕೆ ಸಣ್ಣದು. ಮುಂದಿನ ಅಧಿವೇಶನದಲ್ಲಿ ಎದ್ದು ನಿಲ್ಲಿ. ಯಾರಿಗೂ ವಂದಿಸಬೇಡಿ. ಕುಂದಾ ಸಿಕ್ಕರೆ ತಿನ್ನಿ, ಹೊಗಳಬೇಡಿ. "ಅಂದು ನಾನು ತೃಪ್ತಿ ಎಂದದ್ದು ಸುಳ್ಳು, ಸಂಜೆ ಬಸ್ಸು ಎಲ್ಲಿ?" ಎಂದು ಕೇಳಿ. ಉತ್ತರ ಕೊಟ್ಟರೆ ಮತ್ತೆ ಕೇಳಿ. ಕೂರಿ ಎಂದರೆ ನಿಂತೇ ಕೇಳಿ. ಹೊರಗೆ ಹಾಕಿದರೆ ತಾವರಗೇರಾಕ್ಕೆ ಬನ್ನಿ, ಶಾಂತಕ್ಕನ ಪಕ್ಕದ ಬೆಂಚು ಖಾಲಿ ಇದೆ.

ಇಲ್ಲಿಗೆ ಮುಗಿಸಬೇಕೆಂದಿದ್ದೆ. ಕೊನೆಗೊಂದು ಪ್ರಾಸವೂ ಸಿದ್ಧವಿತ್ತು. ಅದು ಬೇಡ.

ದೀಪಿಕಾ ನನ್ನ ಮಗಳು. ಊಟಕ್ಕೆ ಕೂತಾಗ ಕೇಳಿದವನು ನಾನು. ಅವಳು ಸಾಕು ಎಂದಾಗ ಬುಟ್ಟಿ ಎತ್ತಿದವನೂ ನಾನೇ. ಮುಂದಿನ ಸೆಮಿಸ್ಟರಿಗೆ ಹೆಸರು ಹಚ್ಚಲು ಈ ತಿಂಗಳ ಕೊನೆಯವರೆಗೆ ಅವಕಾಶವಿದೆ. ಎರಡನೇ ಸಲ ನಾನಿನ್ನೂ ಕೇಳಿಲ್ಲ. ಕೇಳಿದರೆ ಅವಳು "ಹೋಗ್ತೀನಪಾ" ಅಂತಾಳೆ, ಅದು ನನಗೆ ಗೊತ್ತು. ಸಂಜೆ ಬಸ್ಸಿಲ್ಲ.

ಇಂತಿ, ನಿಮಗೆ ಒಂದನೇ ಪ್ರಾಶಸ್ತ್ಯದ ಮತ ಕೊಟ್ಟ, ಮಗಳಿಗೆ ಇನ್ನೂ ಕೊಡದ,
ಯಂಕೋಬ, ಬಿ.ಎ.
ಕಿರಾಣಿ ಅಂಗಡಿ, ತಾವರಗೇರಾ ದಾಟಿ ಒಂಬತ್ತು ಕಿಲೋಮೀಟರು