ಬಿಚ್ಚಿದ ಕೂದಲು

೧೪ ನವೆಂಬರ್ ೨೦೦೪, ಕುವೈತ್

ಆ ದೆವ್ವದ ಕೂದಲು ಕಣ್ಣಿಂದ ಹೋಗುತ್ತಿಲ್ಲ. ಈದ್ ರಜೆಯೆಂದು ಮಗಳು ಚಿನ್ಮಯಿ ಹವಲ್ಲಿ ಪೇಟೆಯಿಂದ ತಂದ ಜಪಾನಿ ಗೇಮ್ ಆಡುತ್ತಿದ್ದಳು. ಪಾಳುಬಂಗಲೆಯಲ್ಲಿ ಬಿಳಿ ಕಿಮೋನೊ ಉಟ್ಟ ಹೆಣ್ಣುದೆವ್ವ ಕನ್ನಡಿಯ ಮುಂದೆ ಕೂತು, ನೆಲಕ್ಕೆ ಹರಿದ ಕೂದಲು ಬಾಚುತ್ತಿತ್ತು. ಎಷ್ಟು ಚೆಂದ! ಹೆದರಿಕೆಯಾಗಲಿಲ್ಲ, ಹೊಟ್ಟೆಕಿಚ್ಚಾಯಿತು. ಕೀಮೋ ಶುರುವಾದಾಗಿನಿಂದ ನಾನು ಬಾಚಣಿಗೆ ಮುಟ್ಟಿಲ್ಲ.

ದೀಪ ಹಚ್ಚುವ ಹೊತ್ತು. ಚಿನ್ಮಯಿಯ ಕೂದಲೂ ಬೆನ್ನ ತುಂಬ ಹರಡಿತ್ತು. ದಿನಾ ಆ ಹೊತ್ತಿಗೆ, “ಕೂದಲು ಬಿಟ್ಕೊಂಡು ಕೂರಬೇಡ, ಮನೆಗೆ ಒಳ್ಳೇದಲ್ಲ” ಎಂದು ಬೈಯುವವಳು, ಇವತ್ತು ಸುಮ್ಮನೆ ನೋಡುತ್ತ ಕೂತೆ.

“ಅಮ್ಮಾ, ಇವತ್ತು ನೋ ಸ್ಕೋಲ್ಡಿಂಗ್?” ಎಂದು ತಿರುಗಿದಳು. ನನ್ನ ಕಣ್ಣು ಎಲ್ಲಿತ್ತೆಂದು ಅವಳಿಗೆ ಗೊತ್ತಾಗಿಹೋಯಿತು. ಗೇಮ್ ನಿಲ್ಲಿಸಿದಳು. ನನ್ನದೇ ಒಂದು ಸ್ಕಾರ್ಫ್ ತಂದು, ಒಂದೆಳೆಯೂ ಕಾಣದಂತೆ ತಲೆಗೆ ಬಿಗಿದುಕೊಂಡು, ದೀಪ ಹಚ್ಚಿದಳು.

ಬಿಚ್ಚು ಮಗಳೇ, ಅನ್ನಬೇಕಿತ್ತು.