ಖಂಡಿತ ನೋಡೋಣ

ಮಾರ್ಚ್ 3, ಸೋಮವಾರ
ಮತ್ತದೇ ಮೀಟಿಂಗ್. ವೀಸಾ ನಿಯಮ ಸಡಿಲಿಸಿ ಎಂದರು ಎದುರಿನ ದೇಶದವರು. “ಖಂಡಿತ ನೋಡೋಣ” ಎಂದೆ. ಕೈಕುಲುಕಿ ಹೊರಟರು. ಕಾರಿನಲ್ಲಿ ಹೊಸ ಆಫೀಸರ್ ಪಿಳಿಪಿಳಿ ಕಣ್ಣು ಬಿಟ್ಟ. “ಹಾಗಾದ್ರೆ ನಾವು ಒಪ್ಕೊಂಡ ಹಾಗಾ ಮೇಡಂ?”
“ನಮ್ಮ ಕೆಲಸದಲ್ಲಿ ಆಗಲ್ಲ ಅಂತ ಯಾರೂ ಅನ್ನಲ್ಲಪ್ಪ. ನೋಡೋಣ ಅಂದ್ರೇನೇ ಆಗಲ್ಲ ಅಂತ.”
ಊಟಕ್ಕೆ ಕೂತಾಗ ಮಗಳಿಗೆ ಹೇಳಿದೆ. ನಗಲಿಲ್ಲ. “ನಂಗೆ ಯಾವತ್ತೋ ಗೊತ್ತು” ಎಂದಳು.

ಮಾರ್ಚ್ 11
ಬಂತು! ರಾಯಭಾರಿ ಹುದ್ದೆ. ಸರ್ವೀಸ್ ಪೂರ್ತಿ ಚಾತಕಪಕ್ಷಿಯ ಹಾಗೆ ಕಾದದ್ದು ಇದಕ್ಕೇ. ಆದರೆ ಗಲಭೆಯ ದೇಶ... ಮನೆಯವರನ್ನು ಕರೆದೊಯ್ಯುವಂತಿಲ್ಲ. ಇವರು ಬೆನ್ನು ತಟ್ಟಿದರು, ಅಷ್ಟೆ. ನನ್ನ ಹಿಂದೆ ದೇಶ ದೇಶ ಅಲೆಯಲು ಮೇಷ್ಟರ ಕೆಲಸ ಎಂದೋ ಬಿಟ್ಟವರು.
ಚಿನ್ನಿ ತಟ್ಟೆ ಒರೆಸುತ್ತಿದ್ದಳು. “ಅಮ್ಮ, ಈ ಸಲ ಬೇಡ ಅನ್ನು. ನಂಗೆ ಸ್ಕೂಲಲ್ಲಿ ಲಾಸ್ಟ್ ಇಯರ್. ಪ್ಲೀಸ್.”
ಎಷ್ಟು ಸ್ಕೂಲು ಬದಲಾಯಿಸಿದರೂ ಏನೂ ಕೇಳದ ಹುಡುಗಿ.
“ನೋಡೋಣ ಚಿನ್ನಿ” ಎಂದೆ. ನಿಜವಾಗಿಯೂ ನೋಡೋಣ ಎಂದೇ ಅಂದದ್ದು.

ಮಾರ್ಚ್ 14, ಸಂಜೆ
ಬೇಡ ಎನ್ನುವುದೇ ಸರಿ ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಮನೆಗೆ ಬಂದೆ. ಅಷ್ಟರಲ್ಲಿ ಅಪ್ಪ ಮಗಳು ಸೇರಿ, ನಾನು ಹೋದಮೇಲೆ ತಾವಿಬ್ಬರೂ ಊರಲ್ಲಿರುವುದೆಂದು, ನಮ್ಮೂರಿನ ಸ್ಕೂಲಲ್ಲಿ ಸೀಟು ಗೊತ್ತುಮಾಡಿಬಿಟ್ಟಿದ್ದಾರೆ.
“ಯಾಕೇ ಇಷ್ಟು ಅವಸರ? ನೋಡೋಣ ಅಂದಿದ್ನಲ್ಲ!”
“ಅದಕ್ಕೇ ಅಮ್ಮ.”
ಬೇಡ ಅನ್ನೋಕೇ ಹೊರಟಿದ್ದೆ ಕಣೇ ಎಂದೆ. ಆಣೆ ಮಾಡಿದೆ. ನಂಬಲಿಲ್ಲ. ಕೋಪವೂ ಇಲ್ಲ ಅವಳಿಗೆ, ಅದೇ ಕಷ್ಟ. “ಪರವಾಗಿಲ್ಲ, ಹೋಗಮ್ಮ.”
ಅಳು ಬಂತು. ಜೊತೆಗೆ ಒಳಗೆಲ್ಲೋ ಹಗುರವೂ ಆಯಿತು. ಅದಕ್ಕೆ ನಾಚಿಕೆ.

ಜೂನ್ 20, ವಿಮಾನದಲ್ಲಿ
ಒಪ್ಪಿಗೆ ಕಳಿಸಿದ ಮೇಲೆ ಇಲ್ಲಿ ಬರೆಯಲು ಮುಖವಿರಲಿಲ್ಲ.
ಪೆಟ್ಟಿಗೆಗಳಿಗೆ ಇವರು ಎರಡು ಬಣ್ಣದ ಚೀಟಿ ಅಂಟಿಸಿದ್ದರು. ಕೆಂಪು ನನ್ನವು, ಹಸಿರು ಅವರಿಬ್ಬರವು. ಇಷ್ಟು ದಿನ ಒಂದೇ ಬಣ್ಣ ಸಾಕಾಗುತ್ತಿತ್ತು.
ಏರ್‌ಪೋರ್ಟ್ ಗೇಟಿನ ಹತ್ತಿರ ಚಿನ್ನಿಯ ಕಾಲರ್ ಸರಿಮಾಡಿದೆ. “ರಜ ಸಿಕ್ಕಿದ ತಕ್ಷಣ ಬರ್ತೀನಿ. ನಾವಿಬ್ರೇ ಎಲ್ಲಾದ್ರೂ ಹೋಗೋಣ. ಬರ್ತೀಯಲ್ಲ?”
ನಯವಾಗಿ ನಕ್ಕಳು. ಥೇಟ್ ನನ್ನ ಮೀಟಿಂಗಿನ ನಗು. ಕೈ ಮುಂದೆ ಚಾಚಿದಳು, ಕುಲುಕಲು.
“ಖಂಡಿತ ನೋಡೋಣ ಅಮ್ಮ.”
ಬಾಗಿಲು ಇನ್ನೂ ಹಾಕಿಲ್ಲ. ಈಗಲೂ ಇಳಿದುಬಿಡಬಹುದು. ಬೆಲ್ಟ್ ಹಾಕಿಕೊಳ್ಳಿ ಎನ್ನುತ್ತಿದ್ದಾರೆ. ನಾನು—