ತಾರಸಿಗೆ ಅನುಮತಿ ಇಲ್ಲ

ಮಾರ್ಚ್ 4
ಮತ್ತೆ ಕರೆಂಟ್ ಹೋಯಿತು. ಹೆರಿಗೆ ವಾರ್ಡಿನ ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಸೋಲಾರ್ ಪ್ಯಾನಲ್‌ಗಳು ಮಾತ್ರ ಮೆಟ್ಟಿಲ ಕೆಳಗೆ, ಪ್ಯಾಕಿಂಗ್ ಬಿಚ್ಚದೆ ಬಿದ್ದಿವೆ. ತಮ್ಮ ಮೊಮ್ಮಗಳು ಇಲ್ಲಿ ಹುಟ್ಟಿದಳೆಂದು ಮರದ ಮಿಲ್ಲಿನ ಯಜಮಾನರು ಕೊಟ್ಟದ್ದು. ಬ್ಯಾಟರಿ ಸಮೇತ. ತಾರಸಿಗೆ ಏರಿಸುವುದಷ್ಟೇ ಬಾಕಿ. ಆದರೆ ಆಸ್ಪತ್ರೆ ಸರ್ಕಾರದ್ದು. ಅನುಮತಿ ಬೇಕು.

ಮಾರ್ಚ್ 11
ಕಟ್ಟಡ ಇಲಾಖೆಗೆ ಹೋಗಿದ್ದೆ. ಎಂಜಿನಿಯರ್ ಕೆಟ್ಟವರಲ್ಲ. ಕೂರಿಸಿ ಟೀ ತರಿಸಿದರು.
"ಸಿಸ್ಟರ್, ಆಸ್ಪತ್ರೆ ನಡೆಸೋದು ನೀವು. ಕಟ್ಟಡ ನಮ್ದು. ಜಾಗ ಪುರಸಭೆದು. ಮೂವರೂ ಒಪ್ಪಬೇಕು."
"ಬಿಸಿಲು ಯಾರದ್ದು ಸಾರ್? ಅವರನ್ನೂ ಕೇಳ್ಕೊಂಡು ಬರ್ತೀನಿ."
ನಕ್ಕರು. "ತಮಾಷೆ ಅಲ್ಲಮ್ಮ. ದಾನ ಬಂತು ಅಂತ ಸರ್ಕಾರಿ ಕಟ್ಟಡಕ್ಕೆ ಹಾಗೇ ಹಾಕೋ ಹಾಗಿಲ್ಲ. ತಾರಸಿ ತಾಳುತ್ತೆ ಅಂತ ಸರ್ಟಿಫಿಕೇಟ್ ಆಗ್ಬೇಕು. ಗಾಳಿಗೆ ಹಾರಿ ಯಾರ ತಲೆ ಮೇಲಾದ್ರೂ ಬಿದ್ರೆ?"
ಮಾತು ಸುಳ್ಳಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. "ಹಾಗಾದ್ರೆ ಬಂದು ನೋಡಿ" ಅಂದೆ. "ಫೈಲ್ ಬರಲಿ" ಅಂದರು.

ಏಪ್ರಿಲ್ 2
ಪುರಸಭೆ ಹೇಳುವುದು — ಮೊದಲು ಕಟ್ಟಡ ಇಲಾಖೆ ಒಪ್ಪಲಿ. ಕಟ್ಟಡ ಇಲಾಖೆ ಹೇಳುವುದು — ಮೊದಲು ಪುರಸಭೆ. ಚಪ್ಪಲಿ ಸವೆಯಿತು. ಮನೆಯಲ್ಲಿ ಇವರು ಬೇರೆ: "ನಿಮ್ಮಪ್ಪನ ಮನೆ ಆಸ್ಪತ್ರೆನಾ? ಬಿಟ್ಟಾಕು." ಅಡುಗೆಗೆ ಉಪ್ಪು ಹಾಕಲಿಲ್ಲ. ಬೇಕೆಂದೇ.

ಏಪ್ರಿಲ್ 19
ಏಳು ತಿಂಗಳಿಗೇ ಹುಟ್ಟಿದ ಕೂಸು. ಮಧ್ಯಾಹ್ನ ಕರೆಂಟ್ ಹೋಗಿ, ಜನರೇಟರೂ ಏಳದೆ, ಕೂಸನ್ನು ಬೆಚ್ಚಗಿಡುವ ವಾರ್ಮರ್ ತಣ್ಣಗಾಯಿತು. ತಾಯಿಯ ಎದೆಗೆ ಅವಚಿ ಕಟ್ಟಿ ಆಂಬುಲೆನ್ಸ್‌ನಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿದೆ. ದಾರಿಯಲ್ಲೇ…
ಹೊರಗೆ ರಣಬಿಸಿಲು. ತಾರಸಿ ಖಾಲಿ.

ಏಪ್ರಿಲ್ 21
ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ.
"ಪರ್ಮಿಷನ್ ಬಂತಾ ಅಕ್ಕಾ?"
"ನೀನು ಹತ್ತು. ಕೇಳಿದ್ರೆ ನನ್ನ ಹೆಸರು ಹೇಳು."
ಹತ್ತಿದ. ಪ್ರತಿ ಬೋಲ್ಟನ್ನೂ ನಾನೇ ಎಳೆದು ನೋಡಿದೆ. ಸಂಜೆ ವಾರ್ಮರ್ ಕೆಂಪಗೆ ಉರಿಯಿತು. ಕೆಲಸ ಹೋದರೂ ಹೋಗಬಹುದು. ಹೆದರಿಕೆ ಇದೆ, ಇಲ್ಲವೆಂದರೆ ಸುಳ್ಳು.

ಮೇ 6
ನೋಟಿಸ್ ಬಂದು ವಾರವಾಗಿತ್ತು. ಇವತ್ತು ಎಂಜಿನಿಯರೇ ಬಂದರು, ಇಬ್ಬರು ಆಳುಗಳೊಂದಿಗೆ. ಪ್ಯಾನಲ್ ಇಳಿಸಬೇಕಂತೆ. ಆಗಲೂ ಕರೆಂಟ್ ಇರಲಿಲ್ಲ. ನಿನ್ನೆ ಹುಟ್ಟಿದ ಮಗು ವಾರ್ಮರ್‌ನಲ್ಲಿ ಮಲಗಿತ್ತು.
"ಏಣಿ ಕೊಡಿ ಸಿಸ್ಟರ್."
"ಏಣಿ ಇಲ್ಲ ಸಾರ್."
ಅದು ನನ್ನ ಬೆನ್ನ ಹಿಂದೆಯೇ ಗೋಡೆಗೆ ಒರಗಿತ್ತು. ಅದನ್ನು ನೋಡಿದರು. ಮಗುವಿನ ಕಡೆ ನೋಡಿದರು. ಆಳುಗಳತ್ತ ತಿರುಗಿ, "ಏಣಿ ಇಲ್ವಂತೆ ಕಣ್ರೋ, ನಡೀರಿ" ಅಂದರು. ಬಾಗಿಲ ಬಳಿ ದನಿ ತಗ್ಗಿಸಿ, "ನಾಳೆ ನಮ್ದೇ ತರ್ತೀವಮ್ಮ. ಮೇಲಿಂದ ಆರ್ಡರ್. ನನ್ನ ಕೈಲಿಲ್ಲ."

ಮೇ 7, ಬೆಳಗ್ಗೆ
ಲಾರಿ ಬಂತು. ಹೇಳಿದ ಹಾಗೆ ಏಣಿ ತಂದಿದ್ದಾರೆ. ಕರೆಂಟ್ ಇಲ್ಲ. ಮಗು ಇನ್ನೂ ವಾರ್ಮರ್‌ನಲ್ಲೇ ಇದೆ. ಬಾಣಂತಿಯರು, ಅವರ ಅಮ್ಮಂದಿರು, ಅತ್ತೆಯಂದಿರು ಒಬ್ಬೊಬ್ಬರಾಗಿ ಎದ್ದು ಬಂದು ಗೋಡೆಯ ಬುಡದಲ್ಲಿ, ಏಣಿ ಇಡಬೇಕಾದಲ್ಲೇ ಕೂತಿದ್ದಾರೆ. ನಾನು ಯಾರನ್ನೂ ಕರೆದಿಲ್ಲ. ಎಂಜಿನಿಯರ್ ಕೂಗುತ್ತಿದ್ದಾರೆ: "ಸಿಸ್ಟರ್, ಇವ್ರನ್ನ ಏಳ್ಸಿ!" ಹೋಗುತ್ತೇನೆ. ಏಳಿಸಲು ಅಲ್ಲ, ಅವರ ಪಕ್ಕ ನಾನೂ —